ಶೈಲಾಳ ಓಟು ಯಾವ ಊರಿನದು

ನಾನು ನಿವೃತ್ತಳಾದ ದಿನ ಶಾಲೆಯಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎಲ್ಲರೂ ಸರದಿಯ ಮೇಲೆ ಮಾತಾಡಿದರು. ಗಣಿತ ಚೆನ್ನಾಗಿ ಹೇಳಿಕೊಡುತ್ತಿದ್ದರು ಎಂದರು. ಮಕ್ಕಳ ಮೇಲೆ ಎಂದೂ ಕೈ ಎತ್ತಿದವರಲ್ಲ ಎಂದರು. ಅದು ಪೂರ್ತಿ ನಿಜವಲ್ಲ, ಆದರೆ ಅಂಥ ದಿನ ಯಾರೂ ತಿದ್ದಲು ಹೋಗುವುದಿಲ್ಲ. ನಾನು ವರ್ಷಗಟ್ಟಲೆ ಮಾಡಿದ ಇನ್ನೊಂದು ಕೆಲಸದ ಬಗ್ಗೆ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ಶಾಲೆಯಿದ್ದ ಮಲೆಬೆನ್ನೂರಿನ ಒಂದು ಮತಗಟ್ಟೆಗೆ ನಾನು ಬಿ.ಎಲ್.ಒ. ಆಗಿದ್ದೆ. ಅಂದರೆ, ಆ ಮತಗಟ್ಟೆಗೆ ಸೇರಿದ ಬೀದಿಗಳಲ್ಲಿ ಯಾರಿದ್ದಾರೆ, ಯಾರು ಹೊಸದಾಗಿ ಬಂದರು, ಯಾರು ಊರು ಬಿಟ್ಟರು, ಯಾರು ತೀರಿಕೊಂಡರು, ಯಾರಿಗೆ ಹದಿನೆಂಟು ತುಂಬಿತು ಎಂದು ಮನೆಮನೆಗೆ ಹೋಗಿ ವಿಚಾರಿಸಿ ಮತದಾರರ ಪಟ್ಟಿಯನ್ನು ಸರಿಯಾಗಿಡುವ ಕೆಲಸ. ಪಾಠ ಮುಗಿಸಿ, ಮನೆಯ ಅಡುಗೆಗೆ ಮೊದಲು, ಮಧ್ಯದ ಬಿಸಿಲಿನಲ್ಲಿ ಮಾಡಬೇಕಾದ ಕೆಲಸ.

ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರ್ ಒಬ್ಬಳು ಫೋನ್ ಮಾಡಿದ್ದಳು. ಆಕೆಗೂ ಬಿ.ಎಲ್.ಒ. ಆದೇಶ ಬಂದಿದೆಯಂತೆ. ‘ಇದನ್ನ ತಪ್ಪಿಸ್ಕಳಾದು ಹೆಂಗೆ ಮೇಡಂ?’ ಎಂದು ಕೇಳಿದಳು. ತಪ್ಪಿಸಿಕೊಳ್ಳುವ ದಾರಿ ಗೊತ್ತಿದ್ದಿದ್ದರೆ ನಾನೇ ಮೊದಲು ತಪ್ಪಿಸಿಕೊಳ್ಳುತ್ತಿದ್ದೆ ಎಂದೆ. ಆಕೆ ನಗಲಿಲ್ಲ. ಅವಳಿಗೂ ಅವಳಂಥವರಿಗೂ ಇರಲಿ ಎಂದು ನೆನಪಾದಷ್ಟು ಬರೆಯುತ್ತಿದ್ದೇನೆ.

ನನ್ನ ಮೊದಲ ತರಬೇತಿ ಹರಿಹರದ ತಾಲ್ಲೂಕು ಕಚೇರಿಯ ಮಹಡಿಯ ಮೇಲೆ ನಡೆಯಿತು. ಚುನಾವಣಾ ಶಾಖೆಯ ಶಿರಸ್ತೇದಾರರು ನಾಗೇಂದ್ರಪ್ಪನವರು. ದಪ್ಪ ಕನ್ನಡಕ, ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ಆಕಳಿಸಿದರೆ ಮಾತು ನಿಲ್ಲಿಸಿ ಅವರ ಬಾಯಿ ಮುಚ್ಚುವವರೆಗೂ ಕಾಯುತ್ತಿದ್ದರು. ಗೋಡೆಗೆ ಒಂದು ನಕ್ಷೆ ನೇತುಹಾಕಿ ಕೋಲಿನಿಂದ ಹರಿಹರ ಕ್ಷೇತ್ರದ ಗಡಿಯನ್ನು ಸುತ್ತಿ ತೋರಿಸಿದರು. ಪಕ್ಕದಲ್ಲೇ ದಾವಣಗೆರೆ, ಅದೂ ಉತ್ತರ, ದಕ್ಷಿಣ ಎಂದು ಎರಡಾಗಿ ಬೇರೆ ಬಣ್ಣದಲ್ಲಿತ್ತು.

“ಎಮ್ಮೆಲ್ಲೆನ ಜನ ಆರಿಸ್ತಾರೆ ಅಂತ ಎಲ್ರೂ ಹೇಳ್ತಾರೆ,” ಎಂದರು. “ಜನಕ್ಕಿಂತ ಮೊದ್ಲು ಲಿಸ್ಟ್ ಬೇಕು. ಲಿಸ್ಟ್‌ನಾಗೆ ಹೆಸರಿಲ್ಲ ಅಂದ್ರೆ ಎಷ್ಟು ದೊಡ್ಡ ಮನುಷ್ಯ ಆದ್ರೂ ಅವತ್ತು ಬಾಗಲ ಹೊರಗೆ. ಈ ಗೆರಿಗೆ ಈ ಕಡೆ ಇರೋರು ಹರಿಹರದಿಂದ ಒಬ್ರನ್ನ ಕಳಿಸ್ತಾರೆ, ಆ ಕಡೆ ಇರೋರು ಅವರ ಕ್ಷೇತ್ರದಿಂದ ಒಬ್ರನ್ನ. ಒಬ್ಬ ಮನುಷ್ಯ ಒಂದೇ ಕಡೆ. ಎರಡೂ ಕಡೆ ಕಾಲು ಇಡಂಗಿಲ್ಲ.”

ಯಾರು ಯಾವ ಕಡೆ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೆ ಕಾನೂನಿನಲ್ಲಿ ‘ಸಾಮಾನ್ಯ ನಿವಾಸಿ’ ಎಂಬ ಮಾತಿದೆ. ಹಾಗೆಂದರೇನು ಸಾರ್ ಎಂದು ನಾನು ಎದ್ದು ನಿಂತು ಕೇಳಿದೆ.

“ದಿನಾ ರಾತ್ರಿ ಯಾವ ಮನ್ಯಾಗೆ ಹಾಸಿಗಿ ಹಾಸ್ಕೊಂಡು ಮಲಗ್ತಾರೋ ಅದು. ಬರ್ಕಳ್ರಿ ಎಲ್ರೂ.”

ಹಿಂದಿನ ಸಾಲಿನಿಂದ ಒಬ್ಬಳು, “ಸಾರ್, ಬಾಣಂತನಕ್ಕೆ ತವರಿಗೆ ಹೋಗಿರ್ತಾರಲ್ಲ, ಅವರು?” ಎಂದಳು.

“ವಾಪಸ್ ಬರ್ತಾರಲ್ಲಮ್ಮ,” ಎಂದರು ನಾಗೇಂದ್ರಪ್ಪನವರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಗುತ್ತಲೇ ನನ್ನದೇ ಹೆಸರು ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಆವರಗೆರೆಯಲ್ಲಿ. ಮದುವೆಯಾಗಿ ಹರಿಹರಕ್ಕೆ ಬಂದ ಮೇಲೆ ನಮ್ಮ ಮಾವನವರು ಯಾವಾಗಲೋ ಅರ್ಜಿ ಹಾಕಿ ನನ್ನ ಹೆಸರನ್ನು ಇಲ್ಲಿಗೆ ತಂದಿದ್ದರು. ಓಟಿನ ದಿನ ಬೆಳಿಗ್ಗೆ “ನಿಂದೂ ಇಲ್ಲೇ ಐತೆ, ಸೀರಿ ಉಟ್ಕೊಂಡು ಬಾ” ಎಂದಾಗಲೇ ನನಗೆ ಗೊತ್ತಾದದ್ದು. ಆಗ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಈಗಲೂ ಮಾವನವರ ಮೇಲೆ ಸಿಟ್ಟಿಲ್ಲ, ಆದರೆ ಕೇಳಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ.

ಕರಡು ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಬೇಕು. ಊರವರು ಓದಿ ತಪ್ಪಿದ್ದರೆ ಹೇಳಬೇಕು. ಹಾಗೆ ಅಂಟಿಸಿದ ಮೊದಲ ವರ್ಷವೇ ಒಬ್ಬ ತಾಯಿ ನಾನು ಮಗ್ಗಿ ಹೇಳಿಸುತ್ತಿದ್ದಾಗ ತರಗತಿಯ ಬಾಗಿಲಿಗೆ ಬಂದು ನಿಂತಳು. “ಟೀಚರಮ್ಮ, ನಮ್ಮ ಹುಡುಗಿ ವಯಸ್ಸು ಗ್ವಾಡಿಗೆ ಹಚ್ಚೀರಲ್ರಿ,” ಎಂದಳು. ವಿಷಯ ಏನೆಂದರೆ, ಗಂಡಿನ ಕಡೆಯ ಸೋದರಮಾವ ಒಬ್ಬ ಕನ್ಯೆ ನೋಡಲು ಬಂದವನು ಊಟವಾದ ಮೇಲೆ ಅಡ್ಡಾಡಿ ಬರುತ್ತೇನೆ ಎಂದು ಹೊರಟು ನೆಟ್ಟಗೆ ಶಾಲೆಗೆ ಬಂದು ಪಟ್ಟಿ ಓದಿಕೊಂಡು ಹೋಗಿದ್ದ. ಮನೆಯವರು ಹೇಳಿದ ವಯಸ್ಸಿಗೂ ಗೋಡೆಯ ವಯಸ್ಸಿಗೂ ಮೂರು ವರ್ಷದ ಅಂತರ ಬಂದಿತ್ತು. ಕಮ್ಮಿ ಮಾಡಲು ನನ್ನಿಂದ ಆಗುವುದಿಲ್ಲ ಎಂದೆ. ಆಕೆ, “ಹಂಗಾರೆ ಮುಂದಿನ ಸಲ ಸ್ವಲ್ಪ ಮ್ಯಾಲೆ ಹಚ್ರಿ, ಓದಾಕೆ ಬರದಂಗೆ,” ಎಂದಳು. ಮುಂದಿನ ವರ್ಷ ನಮ್ಮ ಜವಾನ ಪಟ್ಟಿ ಅಂಟಿಸುವಾಗ ಬೆಂಚು ಹತ್ತಿದ, ನಾನು ಬೇಡವೆನ್ನಲಿಲ್ಲ. ಅಷ್ಟರಲ್ಲಿ ಆ ಹುಡುಗಿಯ ಮದುವೆ ಅದೇ ಮನೆಗೆ ಆಗಿತ್ತು. ಗಂಡಿನ ವಯಸ್ಸೂ ಅವರು ಹೇಳಿದ್ದಕ್ಕಿಂತ ಹೆಚ್ಚೇ ಇತ್ತೆಂದು ಆ ಕಡೆಯ ಬಿ.ಎಲ್.ಒ. ನನಗೆ ಆಮೇಲೆ ಹೇಳಿದಳು.

ಬಿ.ಎಲ್.ಒ. ಆಗುವ ಮೊದಲು ನಾನು ಮತಗಟ್ಟೆಯ ಒಳಗಿನ ಕೆಲಸವನ್ನೂ ಮಾಡಿದ್ದೆ. ಮತಪೆಟ್ಟಿಗೆ ಹೋಗಿ ಮತಯಂತ್ರ ಬಂದ ಹೊಸದು. ಒಬ್ಬ ಅಜ್ಜಿ ಮರೆಯ ಹಿಂದೆ ಹೋಗಿ, ಯಂತ್ರಕ್ಕೆ ಕೈಮುಗಿದು ಹೊರಗೆ ಬಂದೇಬಿಟ್ಟಳು. ಓಟು ಬಿದ್ದಾಗ ಆಗುವ ಸದ್ದು ಆಗಿರಲಿಲ್ಲ. ಅಜ್ಜಿ, ಗುಂಡಿ ಒತ್ತಬೇಕು ಎಂದು ನಾನು ವಾಪಸ್ ಕಳಿಸಿದೆ. “ಯಾವುದು ಒತ್ಲಿ?” ಎಂದಳು. ಅದು ನಿಮ್ಮಿಷ್ಟ ಎಂದೆ. “ಓದಿದಾಕಿ ನೀನು, ನೀನೇ ಹೇಳು.” ನಾನು ಹೇಳುವ ಹಾಗಿಲ್ಲ ಎಂದೆ. “ಮುಖ ನೋಡಿದ್ರೆ ಒಳ್ಳೆ ಹೆಣ್ಮಗಳ ಥರ ಇದೀ, ಇಷ್ಟು ಹೇಳಾಕೆ ಆಗಲ್ಲೇನು?” ಎಂದು ಗೊಣಗುತ್ತಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸದ್ದಾಯಿತು. ಹೊರಗೆ ಬಂದವಳು ನನ್ನ ಕಡೆ ನೋಡಿ, “ಯಾರಿಗೆ ಹಾಕ್ದೆ ಅಂತ ನಾನೂ ಹೇಳಲ್ಲ, ಹೋಗು,” ಎಂದಳು. ನಮ್ಮ ತರಬೇತಿಯಲ್ಲಿ ಗುಪ್ತ ಮತದಾನದ ಬಗ್ಗೆ ಒಂದು ಗಂಟೆ ಭಾಷಣ ಮಾಡಿದ್ದರು.

ಇಂಥವು ಬೇಕಾದಷ್ಟಿವೆ. ಆದರೆ ಬಿ.ಎಲ್.ಒ. ಕೆಲಸ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಗೌರಮ್ಮನ ಮನೆ.

ಗೌರಮ್ಮ, ಚನ್ನಬಸಪ್ಪ ಗಂಡಹೆಂಡತಿ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಕುಟುಂಬ, ಉಣ್ಣಲು ಉಡಲು ಕೊರತೆಯಿಲ್ಲ. ಮಗ ಹೊಲಮನೆ ನೋಡಿಕೊಂಡು ಅಲ್ಲೇ ಇದ್ದ. ಮಗಳು ಶೈಲಾ ನನ್ನ ಹತ್ತಿರವೇ ಓದಿದವಳು. ಭಾಗಾಕಾರ ಬರುತ್ತಿರಲಿಲ್ಲ, ಹಾಡು ಹೇಳುತ್ತಿದ್ದಳು, ಇಡೀ ಶಾಲೆಗೆ ಕೇಳುವ ಹಾಗೆ ನಗುತ್ತಿದ್ದಳು. ಅವಳನ್ನು ದಾವಣಗೆರೆಯ ಆನೆಕೊಂಡಕ್ಕೆ ಕೊಟ್ಟಿದ್ದರು. ಅಳಿಯ ಮಂಜುನಾಥನದು ಭತ್ತ ಕೊಂಡು ಮಂಡಕ್ಕಿ ಹುರಿಯುವ ಭಟ್ಟಿ.

ಮನೆಮನೆ ಪರಿಶೀಲನೆಗೆ ಹೋದಾಗ ನಾನು ಪಟ್ಟಿ ಓದುತ್ತಾ ಹೋಗುತ್ತಿದ್ದೆ, ಗೌರಮ್ಮ ಹೂಂಗುಟ್ಟುತ್ತಿದ್ದಳು. ಶೈಲಾಳ ಹೆಸರು ಬಂದ ಕೂಡಲೇ ಆಕೆಯ ಕೈ ನನ್ನ ಮೊಣಕೈ ಮೇಲೆ ಬಂತು.

“ಟೀಚರಮ್ಮ, ಅದೊಂದು ತಗೀಬ್ಯಾಡ್ರಿ.”

“ಮದುವೆ ಆಗಿ ಹೋದಾಕಿ ಹೆಸರು ಇಲ್ಲಿ ಇಡಂಗಿಲ್ಲ ಗೌರಮ್ಮ. ಗೊತ್ತಲ್ಲ ನಿಮಗೆ.”

“ಗೊತ್ತೈತೆ. ಆದ್ರೆ ಓಟು ಇಲ್ಲೈತೆ ಅಂದ್ರೆ ಆಕಿ ಬರ್ತಾಳ್ರಿ. ಇಲ್ಲಾಂದ್ರೆ ಯಾವ ನೆವದ ಮ್ಯಾಲೆ ಬರಾದು?”

ಆಮೇಲೆ ಬಾಗಿಲ ಕಡೆ ನೋಡಿ, ಗಂಡ ಜಗುಲಿಯ ಮೇಲಿರುವುದನ್ನು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ಮದುವೆಯಾದ ಮೊದಲ ಬೆಳೆಗೆ ಚನ್ನಬಸಪ್ಪ ಆಸೆಪಟ್ಟು ಒಂದು ಟ್ರ್ಯಾಕ್ಟರ್ ಭತ್ತವನ್ನು ಅಳಿಯನ ಭಟ್ಟಿಗೆ ಕಳಿಸಿದ್ದ. ಯಂತ್ರದಲ್ಲಿ ಕೊಯ್ದ ಹಸಿ ಭತ್ತ. ಮಂಜುನಾಥ ಒಂದು ಹಿಡಿ ತೆಗೆದುಕೊಂಡು ಹಲ್ಲಿನಲ್ಲಿ ಕಡಿದು ನೋಡಿ, “ಇದು ಅರಳಲ್ಲ, ವಾಪಸ್ ತಗಂಡು ಹೋಗ್ರಿ” ಎಂದು ಡ್ರೈವರನಿಗೆ ಹೇಳಿದ. ಸುತ್ತ ಹಮಾಲರು ನಿಂತಿದ್ದರು. ಭಟ್ಟಿಯವನಿಗೆ ಅದು ದಿನಾ ಹೇಳುವ ಮಾತು. ಆದರೆ ಭತ್ತ ತುಂಬಿದ ಟ್ರ್ಯಾಕ್ಟರ್ ಊರ ನಡುವೆ ವಾಪಸ್ ಬಂದಾಗ ಚನ್ನಬಸಪ್ಪನಿಗೆ ಬೀದಿಯಲ್ಲಿ ತಲೆ ಎತ್ತಲು ಆಗಲಿಲ್ಲ. ಅಂದಿನಿಂದ ಮಾವ ಅಳಿಯನ ಹೆಸರು ಎತ್ತಲಿಲ್ಲ, ಅಳಿಯ ಮಾವನ ಹೊಸಲು ತುಳಿಯಲಿಲ್ಲ. ಹಬ್ಬಕ್ಕೆ ಕರೆಯಲು ಈ ಕಡೆಯಿಂದ ಯಾರೂ ಹೋಗಲಿಲ್ಲ, ಕರೆಯದ ಮನೆಗೆ ಸೊಸೆಯನ್ನು ಕಳಿಸಲು ಆ ಕಡೆಯವರಿಗೂ ಮನಸ್ಸಾಗಲಿಲ್ಲ. ನಡುವೆ ಸಿಕ್ಕಿಕೊಂಡವಳು ಶೈಲಾ.

ಓಟಿಗೆ ಮಾತ್ರ ಯಾರೂ ಕರೆಯಬೇಕಾಗಿರಲಿಲ್ಲ, ಬೇಡವೆನ್ನುವ ಹಾಗೂ ಇರಲಿಲ್ಲ. ಹಿಂದಿನ ಓಟುಗಳಿಗೆಲ್ಲ ಅವಳು ಬೆಳಗಿನ ಬಸ್ಸಿಗೆ ಬಂದು ಅವ್ವನ ಜೊತೆ ಸಾಲಿನಲ್ಲಿ ನಿಂತು ಓಟು ಹಾಕಿ, ಉಂಡು, ಸಂಜೆ ಬಸ್ಸಿಗೆ ವಾಪಸ್ ಹೋಗಿದ್ದಳು. ಅಷ್ಟು ಹೊತ್ತೂ ಚನ್ನಬಸಪ್ಪ ಜಗುಲಿ ಬಿಟ್ಟು ಒಳಗೆ ಬಂದಿರಲಿಲ್ಲ.

ನಾನು ಹೊರಗೆ ಬರುವಾಗ ಆತ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದ. ತಲೆ ಎತ್ತದೆ, “ಎಲ್ರ ಹೆಸರೂ ಐತ್ರೇನು ಲಿಸ್ಟ್‌ನಾಗೆ?” ಎಂದು ಕೇಳಿದ.

“ಐತೆ,” ಎಂದೆ.

“ಎಲ್ರದೂ?”

“ಎಲ್ರದೂ.”

“ಇರ್ಲಿ ಬಿಡ್ರಿ, ಚಲೋ ಆತು,” ಎಂದು ಹಗ್ಗದ ಕಡೆಗೆ ತಿರುಗಿದ. ನಾನು ಶೈಲಾಳ ಹೆಸರಿನ ಮೇಲೆ ಗೆರೆ ಎಳೆಯಲಿಲ್ಲ. ಆ ಮನೆಯ ಪರಿಶೀಲನೆಯನ್ನು ಕೊನೆಗೆ ಮಾಡಿದರಾಯಿತು ಎಂದು ಮುಂದಿನ ಮನೆಗೆ ಹೋದೆ.

ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಮೊದಲು ಪಟ್ಟಿ ಎಂದರೆ ಕಾಗದ, ಕೆಂಪು ಪೆನ್ನು. ಒಂದು ಊರಿನ ಕಾಗದಕ್ಕೆ ಇನ್ನೊಂದು ಊರಿನ ಕಾಗದದ ಸುದ್ದಿ ಗೊತ್ತಿರಲಿಲ್ಲ. ಆಮೇಲೆ ಎಲ್ಲ ಕಂಪ್ಯೂಟರಿಗೆ ಹೋಯಿತು, ನಮ್ಮ ಕೈಗೂ ಮೊಬೈಲ್ ಆ್ಯಪ್ ಬಂತು. ಒಂದೇ ಮುಖ ಎರಡು ಕಡೆ ಇದ್ದರೆ ಅದು ಹುಡುಕಿ ಕೊಡತೊಡಗಿತು. ವಿಧಾನಸಭೆ ಚುನಾವಣೆ ಹತ್ತಿರ ಬಂದ ಹಾಗೆ ಒಂದು ದಿನ ನಾಗೇಂದ್ರಪ್ಪನವರು ನನ್ನನ್ನು ಹರಿಹರಕ್ಕೆ ಕರೆಸಿ ಪರದೆ ತೋರಿಸಿದರು. ಎಡಗಡೆ ಶೈಲಾ, ಬಲಗಡೆಯೂ ಶೈಲಾ. ಒಂದು ಹೆಸರಿನ ಮುಂದೆ ತಂದೆ ಚನ್ನಬಸಪ್ಪ, ಹರಿಹರ ಕ್ಷೇತ್ರ. ಇನ್ನೊಂದರ ಮುಂದೆ ಗಂಡ ಮಂಜುನಾಥ, ದಾವಣಗೆರೆ. ಮಂಜುನಾಥ ಯಾವಾಗಲೋ ಹೊಸ ಅರ್ಜಿ ಹಾಕಿಸಿ ಅಲ್ಲಿಯೂ ಸೇರಿಸಿದ್ದ.

“ಸುಲೋಚನಮ್ಮಾರೆ, ಇದು ನಿಮ್ಮ ಬೂತು. ಎರಡು ಕಡೆ ಇರಂಗಿಲ್ಲ. ಮದುವಿ ಆಗ್ಯಾಳೆ, ಅಲ್ಲಿ ಇದಾಳೆ. ಇಲ್ಲಿದು ತಗೀರಿ. ಎರಡು ಕಡೆ ಓಟು ಹಾಕಿದ್ಲು ಅಂತ ಯಾರಾರ ದೂರು ಕೊಟ್ರೆ ಆ ಹುಡುಗಿಗೇ ಕೇಸು.”

“ಹಾಕಿಲ್ಲ ಸಾರ್ ಆಕಿ. ನಾನು ಓದ್ಸಿದ ಹುಡುಗಿ.”

“ನಿಮ್ಮ ಹತ್ರ ಓದಿದೋರೆಲ್ಲ ಸತ್ಯವಂತರು ಅಂತ ಕಾನೂನಿನಾಗೆ ಬರ್ದಿಲ್ಲ.”

ಸಿಟ್ಟು ನನಗೂ ಬಂತು. “ಆಯ್ತು ಸಾರ್, ತಗೀತೀನಿ. ಆದ್ರೆ ಹೆಸರು ಆಕೀದು. ಅಪ್ಪಂದೂ ಅಲ್ಲ, ಗಂಡಂದೂ ಅಲ್ಲ, ನಂದೂ ಅಲ್ಲ. ಆಕಿನ ಒಂದು ಮಾತು ಕೇಳ್ಬೇಕಲ್ಲ,” ಎಂದೆ. ನಾಗೇಂದ್ರಪ್ಪನವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಒಪ್ಪಿದರೆಂದೇ ಅರ್ಥ. “ಕೇಳ್ಬೇಕು ಅಂತಾನೇ ಐತೆ ನಿಯಮದಾಗೆ,” ಎಂದರು. “ಯಾರೂ ಕೇಳಲ್ಲ. ಭಾನುವಾರ ಹೋಗಿ ಬರ್ರಿ. ಸೋಮವಾರ ನನ್ನ ಟೇಬಲ್ ಮ್ಯಾಲೆ ಇರ್ಬೇಕು.”

ಭಾನುವಾರ ದಾವಣಗೆರೆಯ ಬಸ್ಸು ಹತ್ತಿದೆ. ಆನೆಕೊಂಡದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶೈಲಾ ಬೀದಿ ನಲ್ಲಿಯ ಮುಂದೆ ಬಿಂದಿಗೆಗಳ ಸಾಲಿನಲ್ಲಿ ನಿಂತಿದ್ದಳು. ನನ್ನನ್ನು ಕಂಡು ಬಿಂದಿಗೆ ಅಲ್ಲೇ ಬಿಟ್ಟು ಓಡಿ ಬಂದಳು. “ಟೀಚರ್, ಅವ್ವಗೆ ಏನಾತು?” ಎನ್ನುವುದೇ ಅವಳ ಮೊದಲ ಮಾತು. ಏನೂ ಆಗಿಲ್ಲ, ಓಟಿನ ವಿಷಯಕ್ಕೆ ಬಂದೆ ಎಂದ ಮೇಲೆ ಅವಳಿಗೆ ಉಸಿರು ಬಂತು.

ಮಂಜುನಾಥ ಭಟ್ಟಿಯಿಂದ ಬಂದ, ತಲೆಯ ತುಂಬ ಹೊಟ್ಟಿನ ಬೂದಿ. ನಾನು ಅವನನ್ನು ಒಬ್ಬ ಗತ್ತಿನ ಮನುಷ್ಯ ಎಂದುಕೊಂಡಿದ್ದೆ. ನೋಡಿದರೆ ಸಂಕೋಚದ ಹುಡುಗ. ಟೀಚರ್ ಬಂದಿದ್ದಾರೆಂದು ಕುರ್ಚಿಯ ಮೇಲೆ ಕೂರಲೇ ಇಲ್ಲ. ಒಂದು ಪುಟ್ಟಿ ತುಂಬ ಬಿಸಿ ಮಂಡಕ್ಕಿ ತಂದು ನನ್ನ ಮುಂದೆ ಇಟ್ಟ.

“ನಾನೇ ಹಾಕ್ಸಿದ್ದು ಮೇಡಂ ಅರ್ಜಿ,” ಎಂದ. “ಓಣಿಯೋರು ಕೇಳ್ತಿದ್ರು, ನಿಮ್ಮ ಮನ್ಯಾಕೀದು ಇಲ್ಲಿ ಯಾಕ ಇಲ್ಲ ಅಂತ. ಆಕಿಗೆ ಹೇಳೋಣ ಅಂತಿದ್ದೆ. ಹೇಳಿದ್ರೆ ಅಳ್ತಾಳೆ ಅಂತ ಸುಮ್ನಾದೆ.”

ಶೈಲಾಗೆ ಆ ವಿಷಯ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಅವಳು ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು. “ಹಂಗಾರೆ ಎರಡೂ ಊರಾಗೆ ನನ್ನ ಹೆಸರೈತೆ. ಎರಡೂ ಕಡೆಯೋರು ನನ್ನ ಕೇಳಿಲ್ಲ,” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಭಾಗಾಕಾರದಲ್ಲಿ ಶೇಷ ಉಳಿದಾಗ ಹೀಗೇ ಸ್ಲೇಟು ನೋಡುತ್ತಿದ್ದಳು.

ಈಗ ನಾನು ಕೇಳಾಕೇ ಬಂದಿದೀನಿ, ನಿಧಾನಕ್ಕೆ ಯೋಚನೆ ಮಾಡು ಎಂದೆ. ಮಂಜುನಾಥ ತಾನಾಗಿಯೇ ಎದ್ದು ಹೊರಗೆ ಹೋದ. ನಾನು ಮಂಡಕ್ಕಿ ತಿನ್ನುತ್ತಾ ಕೂತೆ.

“ಟೀಚರ್, ಆ ನಲ್ಲಿಗೆ ನೀರು ಯಾವಾಗ ಬರ್ತಾವೋ ಯಾರಿಗೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆಯಿಂದ ನಿಂತೀನಿ. ಇದನ್ನ ಯಾರಿಗೆ ಹೇಳ್ಬೇಕು?”

“ಇಲ್ಲಿ ಆರಿಸಿ ಬಂದೋರಿಗೆ.”

“ಹರಿಹರದಾಗೆ ಆರಿಸಿ ಬಂದೋರು ಇಲ್ಲಿ ನೀರು ಬಿಡಿಸ್ತಾರಾ?”

“ಇಲ್ಲ. ಅದು ಅವರ ಕ್ಷೇತ್ರ ಅಲ್ಲ.”

“ಅಂದ್ರೆ ನಾನು ನೀರು ಕುಡಿಯಾದು ಇಲ್ಲಿ, ಓಟು ಹಾಕಾದು ಅಲ್ಲಿ,” ಎಂದಳು. ಇಷ್ಟು ದಿನ ತರಬೇತಿಗಳಲ್ಲಿ ನಕ್ಷೆ ಹಾಕಿ ಕೋಲು ಹಿಡಿದು ಹೇಳಿದ್ದನ್ನು ಹುಡುಗಿ ಬಿಂದಿಗೆ ಹಿಡಿದು ಅರ್ಥ ಮಾಡಿಕೊಂಡಿದ್ದಳು. ಆಮೇಲೆ ಅವಳ ಕಣ್ಣು ತುಂಬಿದವು. “ಇಲ್ಲೇ ಇರ್ಲಿ ಟೀಚರ್ ನನ್ನ ಓಟು. ಅಲ್ಲಿದು ತಗೀರಿ. ಎಲ್ಲಿ ಸಹಿ ಹಾಕ್ಬೇಕು ತೋರಿಸ್ರಿ.” ತೋರಿಸಿದೆ. ಸಹಿ ಮಾಡಿ ಪೆನ್ನು ಕೊಡುವಾಗ, “ಅವ್ವಗೆ ನೀವೇ ಹೇಳ್ರಿ. ನನ್ನ ಕೈಲಿ ಆಗಲ್ಲ,” ಎಂದಳು.

ಬಸ್ಸಿನಲ್ಲಿ ಬರುವಾಗ ನನಗೆ ಹೆಮ್ಮೆಯೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು. ಹರಿಹರದಲ್ಲಿ ಇಳಿದು ಮನೆಗೆ ಹೋಗಬೇಕಾದವಳು ಇಳಿಯದೆ ನೇರ ಮಲೆಬೆನ್ನೂರಿಗೆ ಹೋದೆ. ಇಂಥದ್ದನ್ನು ಮರುದಿನಕ್ಕೆ ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ.

ಗೌರಮ್ಮ ಅಕ್ಕಿ ಆರಿಸುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮೊರವನ್ನು ಪಕ್ಕಕ್ಕೆ ಇಟ್ಟು ಒಳಗೆ ಹೋದಳು, ಹೊರಗೆ ಬರಲಿಲ್ಲ. ಆ ಮನೆಯಲ್ಲಿ ಚಹಾ ಕುಡಿಯದೆ ನಾನು ಎದ್ದದ್ದು ಅದೊಂದೇ ಸಲ. ಜಗುಲಿಯಲ್ಲಿ ಚನ್ನಬಸಪ್ಪ ಕೇಳಿದ, “ಆಕಿನೇ ಸಹಿ ಮಾಡಿದ್ಲೇನು?”

“ಹೂಂ.”

“ಅಳಿ... ಯಾರೂ ಬಲವಂತ ಮಾಡ್ಲಿಲ್ಲೇನು?”

“ಇಲ್ಲ. ಅವ್ರು ಎದ್ದು ಹೊರಗೆ ಹೋಗಿದ್ರು.”

ಚನ್ನಬಸಪ್ಪ ತನ್ನ ಅಂಗೈ ನೋಡಿಕೊಂಡ. “ಹೋಗ್ಲಿ ಬಿಡ್ರಿ. ಆಕಿ ಮನಿ ಅದೇ ಅಲ್ಲೇನು,” ಎಂದ. ನಾನು ಕಾನೂನಿನ ಪ್ರಕಾರ ಸರಿಯಾದ ಕೆಲಸ ಮಾಡಿದ್ದೆ, ಆದರೂ ಬಸ್ ನಿಲ್ದಾಣದವರೆಗೆ ಕಣ್ಣು ಒರೆಸಿಕೊಂಡೇ ಹೋದೆ.

ಚುನಾವಣೆಯ ದಿನ ಬಿ.ಎಲ್.ಒ.ಗೆ ಮತಗಟ್ಟೆಯ ಒಳಗೆ ಕೆಲಸವಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಮೇಜು ಹಾಕಿಕೊಂಡು, ಬಂದವರ ಹೆಸರು ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕಿ ಚೀಟಿ ಬರೆದು ಕೊಡಬೇಕು. ಬೇಸಿಗೆ ಭತ್ತದ ಕೊಯ್ಲಿನ ದಿನಗಳು. ಊರಿಗೆ ಬರುವ ರಸ್ತೆಯ ಒಂದು ಬದಿಯಲ್ಲೆಲ್ಲ ಭತ್ತ ಒಣ ಹಾಕಿದ್ದರು. ಚನ್ನಬಸಪ್ಪ ಬೆಳಿಗ್ಗೆಯೇ ಮಗ ಸೊಸೆಯೊಂದಿಗೆ ಬಂದು ಓಟು ಹಾಕಿದ. ಗೌರಮ್ಮ ಬಂದಿರಲಿಲ್ಲ. ಎಲ್ಲಿ ಎಂದು ಕಣ್ಣಿನಲ್ಲೇ ಕೇಳಿದೆ.

“ಬರಲ್ಲಂತೆ,” ಎಂದ. “ಯಾವಾಗ್ಲೂ ಮಗಳ ಜೊತೆ ಬರ್ತಿದ್ಲು. ಈ ಸಲ ಒಬ್ಬಾಕಿನೇ ಸಾಲಿನಾಗೆ ನಿಂದ್ರಾಕೆ ಮನಸ್ಸಿಲ್ಲಂತೆ.”

ಮಗ ಸೊಸೆ ಮನೆಗೆ ಹೋದರು. ಚನ್ನಬಸಪ್ಪ ಮಾತ್ರ ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಕೂತ. ಯಾಕೆ ಕೂತ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನವಾಯಿತು. ಸಾಲು ಕರಗಿತು. ನಾನು ತಂದಿದ್ದ ರೊಟ್ಟಿಯಲ್ಲಿ ಅರ್ಧ ಕೊಟ್ಟರೆ ಬೇಡವೆಂದ. ನನ್ನ ಪಟ್ಟಿಯಲ್ಲಿ ಗೌರಮ್ಮನ ಹೆಸರಿನ ಮುಂದೆ ಗೆರೆ ಬಿದ್ದಿಲ್ಲವಲ್ಲ ಎಂದು ನನಗೂ ಒಳಗೊಳಗೆ ಚಡಪಡಿಕೆ. ಒಬ್ಬಳ ಹೆಸರು ಸರಿಮಾಡಲು ಹೋಗಿ ಇನ್ನೊಬ್ಬಳ ಓಟು ಕಳೆದೆನಲ್ಲ ಎನ್ನಿಸುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಗೇಟಿನ ಹತ್ತಿರ ಗಲಾಟೆ ಕೇಳಿತು. ನೋಡಿದರೆ ಗೌರಮ್ಮ ಬರುತ್ತಿದ್ದಾಳೆ, ಅವಳ ಕೈ ಹಿಡಿದುಕೊಂಡು ಶೈಲಾ. ಒಂದು ಪಕ್ಷದ ಏಜೆಂಟ್ ಅಡ್ಡ ನಿಂತಿದ್ದ. ಅವನು ಶೈಲಾಳ ಬೆರಳು ನೋಡಿಬಿಟ್ಟಿದ್ದ.

“ಸಾಹೇಬ್ರೆ, ಈಕಿ ಬೆರಳಿಗೆ ಆಗ್ಲೇ ಶಾಯಿ ಐತೆ. ಎಲ್ಲೋ ಹಾಕಿ ಬಂದು ಇಲ್ಲೂ ಹಾಕಾಕೆ ಬಂದಾಳೆ,” ಎಂದು ಪೊಲೀಸಿನವನನ್ನು ಕರೆದ. ಪೊಲೀಸಿನವನು ಕೋಲು ಅಡ್ಡ ಹಿಡಿದು, “ಏನಮ್ಮ, ಎಲ್ಲಿ ಹಾಕ್ದೆ ಓಟು?” ಎಂದು ಕೇಳಿದ.

ನಾನು ಮೇಜು ಬಿಟ್ಟು ಓಡಿದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಶೈಲಾ ಎಡಗೈ ಎತ್ತಿ ಎಲ್ಲರಿಗೂ ಕಾಣುವ ಹಾಗೆ ತೋರಿಸಿದಳು.

“ಹೌದ್ರಿ, ಹಾಕಿ ಬಂದೀನಿ. ಆನೆಕೊಂಡದಾಗೆ. ನನ್ನ ಓಟು ಅಲ್ಲೇ ಐತೆ, ಇಲ್ಲಿ ತಗಿಸೀನಿ. ಬೇಕಾದ್ರೆ ಟೀಚರ್‌ನ ಕೇಳ್ರಿ.”

“ಮತ್ತೆ ಇಲ್ಲಿಗೆ ಯಾಕ ಬಂದಿ?” ಎಂದ ಏಜೆಂಟ್.

“ಇದು ನಮ್ಮವ್ವನ ಊರು. ನಮ್ಮವ್ವನ್ನ ಕರ್ಕೊಂಡು ಬಂದೀನಿ. ಇಲ್ಲಿಗೆ ಬರಾಕೆ ನನಗೆ ಓಟು ಬೇಕೇನು?”

ಪೊಲೀಸಿನವನು ನನ್ನ ಮುಖ ನೋಡಿದ. ಈಕೆ ಹೇಳಿದ್ದು ನಿಜ, ಹೆಸರು ತೆಗೆದವಳು ನಾನೇ ಎಂದೆ. ಕೋಲು ಕೆಳಗಿಳಿಯಿತು. ಓಟಿಲ್ಲದವರು ಒಳಗೆ ಹೋಗುವ ಹಾಗಿಲ್ಲ, ಇಲ್ಲೇ ನಿಲ್ಲು ತಾಯಿ ಎಂದು ಮೆತ್ತಗೆ ಹೇಳಿದ. ಗೌರಮ್ಮ ನನ್ನ ಮೇಜಿಗೆ ಬಂದಳು. ಚೀಟಿ ಬರೆದು ಕೊಟ್ಟೆ. ಅವಳು 'ಒಳಗೆ ಹೋಗಿ ಬರ್ತೀನಿ, ಎಲ್ಲೂ ಹೋಗಬ್ಯಾಡ' ಎಂದು ಮಗಳಿಗೆ ಮೂರು ಸಲ ಹೇಳಿದಳು. ಒಳಗೆ ಸದ್ದಾದದ್ದು ನನಗೆ ಅಂಗಳಕ್ಕೇ ಕೇಳಿಸಿತು.

ಅಷ್ಟರಲ್ಲಿ ಚನ್ನಬಸಪ್ಪ ಕಟ್ಟೆಯಿಂದ ಎದ್ದು ಬಂದಿದ್ದ. ಮಗಳ ಮುಂದೆ ನಿಂತು, ಮೊದಲು ಅವಳ ಬೆರಳು ನೋಡಿದ, ಆಮೇಲೆ ಮುಖ. ಇಷ್ಟು ವರ್ಷ ಓಟಿನ ನೆಪ ಹೇಳಿ ಬರುತ್ತಿದ್ದವಳು ಈ ಸಲ ಯಾವ ನೆಪವೂ ಇಲ್ಲದೆ ಬಂದಿದ್ದಾಳೆಂದು ಆತನಿಗೆ ಅರ್ಥವಾಯಿತು. ನನಗೂ ಆಗಲೇ ಅರ್ಥವಾದದ್ದು.

“ಬಸ್ಸಿಗೆ ಬಂದೇನು?” ಎಂದ.

“ಇಲ್ಲಪ್ಪ. ಅವ್ರು ಗಾಡಿ ಮ್ಯಾಲೆ ಕರ್ಕೊಂಡು ಬಂದ್ರು.”

“ಎಲ್ಲಿ ಮತ್ತೆ ಮಂಜುನಾಥ?”

ಅಳಿಯನ ಹೆಸರು ಅವನ ಬಾಯಲ್ಲಿ ಬಂದದ್ದನ್ನು ಕೇಳಿ, ಹೊರಗೆ ಬರುತ್ತಿದ್ದ ಗೌರಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಶೈಲಾ ರಸ್ತೆಯ ಕಡೆ ಕೈ ತೋರಿಸಿದಳು. ಒಣ ಹಾಕಿದ ಭತ್ತದ ಆಚೆ, ಗಾಡಿಗೆ ಒರಗಿಕೊಂಡು ಮಂಜುನಾಥ ನಿಂತಿದ್ದ.

“ಅಲ್ಲೇ ನಿಂತಾರೆ. ನಂದು ಈ ಊರಾಗೆ ಓಟಿಲ್ಲ, ನಾನ್ಯಾಕ ಬರ್ಲಿ ಅಂತ.”

ಚನ್ನಬಸಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಗೇಟು ದಾಟಿ, ಭತ್ತ ತುಳಿಯದ ಹಾಗೆ ಬಳಸಿಕೊಂಡು, ನಿಧಾನವಾಗಿ ಆ ಕಡೆ ನಡೆದ. ಅವನು ಗಾಡಿಯ ಹತ್ತಿರ ನಿಂತು ಹೇಳಿದ್ದು ಅಂಗಳದಲ್ಲಿದ್ದ ನಮಗೆಲ್ಲ ಕೇಳಿಸಿತು.

“ಓಟಿಲ್ದಿದ್ರೆ ಏನಾತು, ಮನಿ ಐತಲ್ಲ. ನಡೀರಿ.”